ಸೀಮೆಎಣ್ಣೆ ಅಗ್ಗವಾಗಿದ್ದರೂ ಕಂಪನಿ ಒಡೆದದ್ದೇಕೆ?

ಪ್ರಶ್ನೆ: ರಾಕ್‌ಫೆಲ್ಲರ್ ಅವರ ಸ್ಟ್ಯಾಂಡರ್ಡ್ ಆಯಿಲ್ ಅಮೆರಿಕದ ತೈಲ ಮಾರುಕಟ್ಟೆಯನ್ನೇ ಹಿಡಿದಿದ್ದಾಗಲೂ ಸೀಮೆಎಣ್ಣೆ ಬೆಲೆ ಇಳಿಯುತ್ತಲೇ ಹೋಯಿತಂತೆ. ಹಾಗಾದರೆ 1911ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದನ್ನು ಒಡೆದದ್ದು ತಪ್ಪಲ್ಲವೇ?

ಉತ್ತರ: ಬೆಲೆ ಇಳಿದದ್ದು ನಿಜ. 1870ರಲ್ಲಿ ಗ್ಯಾಲನ್ನಿಗೆ ಸುಮಾರು 26 ಸೆಂಟ್ ಇದ್ದದ್ದು 1880ರ ದಶಕದ ನಡುವೆ 8 ಸೆಂಟಿನ ಆಸುಪಾಸಿಗೆ ಬಂತು. ಇದರಲ್ಲಿ ಒಂದು ಪಾಲು ಕಚ್ಚಾ ತೈಲ ಅಗ್ಗವಾದದ್ದರಿಂದ ಬಂದದ್ದು. ಅದನ್ನು ಕಂಪನಿಯ ಲೆಕ್ಕಕ್ಕೆ ಸೇರಿಸಬಾರದು. ಉಳಿದದ್ದು ಕಂಪನಿಯ ಜಾಣ್ಮೆ. ಪೀಪಾಯಿಗಳನ್ನು ಹೊರಗೆ ಕೊಳ್ಳದೆ ತಾನೇ ಮಾಡಿಸಿತು. ರಫ್ತಿನ ಡಬ್ಬಿಗಳಿಗೆ 40 ಹನಿ ಬೆಸುಗೆ ಹಾಕುತ್ತಿದ್ದರು. ರಾಕ್‌ಫೆಲ್ಲರ್ 38 ಹನಿಗೆ ಇಳಿಸಿ ನೋಡಿದರು, ಕೆಲವು ಸೋರಿದವು. 39ಕ್ಕೆ ಒಂದೂ ಸೋರಲಿಲ್ಲ, ಅಲ್ಲಿಗೇ ನಿಲ್ಲಿಸಿದರು. ಇಂಥ ಉಳಿತಾಯ ಮುಕ್ತ ಮಾರುಕಟ್ಟೆಯ ಅತ್ಯುತ್ತಮ ಗುಣ, ಅದನ್ನು ಮನಸಾರೆ ಮೆಚ್ಚಬೇಕು.

ತಕರಾರು ಇದ್ದದ್ದು ರೈಲು ಬಾಡಿಗೆಯಲ್ಲಿ. 1872ರ ಸೌತ್ ಇಂಪ್ರೂವ್‌ಮೆಂಟ್ ಕಂಪನಿ ಒಪ್ಪಂದ ನೋಡಿ. ರಾಕ್‌ಫೆಲ್ಲರ್ ಮತ್ತು ಕೆಲವು ರಿಫೈನರಿ (ತೈಲ ಶುದ್ಧೀಕರಣ ಘಟಕ) ಮಾಲೀಕರು ರೈಲು ಕಂಪನಿಗಳೊಂದಿಗೆ ಗುಟ್ಟಾಗಿ ಮಾಡಿಕೊಂಡದ್ದು ಅದು. ತೈಲ ಬಾವಿಗಳಿಂದ ರಾಕ್‌ಫೆಲ್ಲರ್ ರಿಫೈನರಿಗಳಿದ್ದ ಕ್ಲೀವ್‌ಲ್ಯಾಂಡಿಗೆ ಕಚ್ಚಾ ತೈಲದ ಬಾಡಿಗೆ ಬ್ಯಾರೆಲ್ಲಿಗೆ 80 ಸೆಂಟ್. ಒಪ್ಪಂದದ ಒಳಗಿದ್ದವರಿಗೆ ಅದರಲ್ಲಿ 40 ಸೆಂಟ್ ವಾಪಸ್. ಇದು ರಿಯಾಯಿತಿ, ದೊಡ್ಡ ಗಿರಾಕಿಗೆ ಕೊಡುವುದುಂಟು ಎಂದು ವಾದಿಸಬಹುದು. ಆದರೆ ಎದುರಾಳಿ 80 ಸೆಂಟ್ ಕಟ್ಟಿ ಸಾಗಿಸಿದ ಪ್ರತಿ ಬ್ಯಾರೆಲ್ಲಿನ ಮೇಲೂ ಇವರಿಗೇ 40 ಸೆಂಟ್ ಸೇರಬೇಕಿತ್ತು! ಎದುರಾಳಿ ಹೆಚ್ಚು ದುಡಿದಷ್ಟೂ ಇವರ ಜೇಬು ತುಂಬುವ ಈ ಏರ್ಪಾಟನ್ನು ಸ್ಪರ್ಧೆ ಎನ್ನಲಾಗದು. ಗುಟ್ಟು ರಟ್ಟಾಗಿ ತೈಲ ಉತ್ಪಾದಕರು ತಿರುಗಿಬಿದ್ದರು, ಪೆನ್ಸಿಲ್ವೇನಿಯಾ ಶಾಸನಸಭೆ ಆ ಕಂಪನಿಯ ಸನ್ನದು ರದ್ದು ಮಾಡಿತು. ಒಪ್ಪಂದ ಜಾರಿಗೆ ಬರಲೇ ಇಲ್ಲ. ಅಷ್ಟರೊಳಗೆ ಕ್ಲೀವ್‌ಲ್ಯಾಂಡಿನ 26 ಎದುರಾಳಿ ರಿಫೈನರಿಗಳಲ್ಲಿ 22 ರಾಕ್‌ಫೆಲ್ಲರ್ ಕೈಸೇರಿದ್ದವು. ರೈಲು ರಿಯಾಯಿತಿಗೆ ಗಟ್ಟಿ ತಡೆ ಬಿದ್ದದ್ದು 1903ರ ಎಲ್ಕಿನ್ಸ್ ಕಾಯ್ದೆಯಿಂದ.

ಇನ್ನು ಒಡೆದದ್ದು. 1890ರ ಶರ್ಮನ್ ಕಾಯ್ದೆ ಕೇಳುವುದು ಬೆಲೆ ಎಷ್ಟು ಎಂದಲ್ಲ, ವ್ಯಾಪಾರಕ್ಕೆ ಅಡ್ಡಗಟ್ಟಿದಿರಾ ಎಂದು. ಅದರಡಿ ತೀರ್ಪು ಸರಿಯೇ. ಆದರೆ ತಡವಾಯಿತು: 1901ರಲ್ಲಿ ಟೆಕ್ಸಸ್‌ನ ಸ್ಪಿಂಡಲ್‌ಟಾಪ್‌ನಲ್ಲಿ ತೈಲ ಚಿಮ್ಮಿ ಗಲ್ಫ್, ಟೆಕ್ಸಾಕೊ ಹುಟ್ಟಿಕೊಂಡವು. ಒಂದು ಕಾಲಕ್ಕೆ ಶೇ 90ರಷ್ಟಿದ್ದ ಸ್ಟ್ಯಾಂಡರ್ಡ್‌ನ ಶುದ್ಧೀಕರಣದ ಪಾಲು 1911ರ ಹೊತ್ತಿಗೆ ಶೇ 65ರ ಸುತ್ತಮುತ್ತ ಇಳಿದಿತ್ತು. ಮುಕ್ತ ಮಾರುಕಟ್ಟೆಯ ಪರವಾಗಿ ವಾದಿಸುವವರು ಹಿಡಿಯಬೇಕಾದದ್ದು ಈ ಅಂಕಿಯನ್ನು, ಅಗ್ಗದ ಸೀಮೆಎಣ್ಣೆಯನ್ನಲ್ಲ.

ಪ್ರಶ್ನೆ: ತೀರ್ಪಿನಿಂದ ರಾಕ್‌ಫೆಲ್ಲರ್‌ಗೆ ನಷ್ಟವಾಯಿತೇ?

ಉತ್ತರ: ಇಲ್ಲ. 34 ಕಂಪನಿಗಳಾದಾಗ ಹಳೆಯ ಷೇರುದಾರರಿಗೆ ಅವರವರ ಪಾಲಿಗೆ ತಕ್ಕಂತೆ ಎಲ್ಲದರ ಷೇರೂ ಸಿಕ್ಕವು. ಮೋಟಾರು ಕಾರುಗಳಿಂದ ಪೆಟ್ರೋಲಿಗೆ ಬೇಡಿಕೆ ಏರುತ್ತಿತ್ತು, ಷೇರಿನ ಬೆಲೆಯೂ ಏರಿತು. ಅವರು ಇನ್ನಷ್ಟು ಶ್ರೀಮಂತರಾದರು.