ಲೇಸರ್ ಯಂತ್ರವನ್ನು ನಡೆಸುವ ಲೈಟ್‌ಬರ್ನ್ ತಂತ್ರಾಂಶದಲ್ಲಿ ನನ್ನ ಹಳೆಯ ಡಯೋಡ್ ಲೇಸರ್ ಯಂತ್ರ ತಾನಾಗಿ ಸಿಗುತ್ತಿಲ್ಲ. ಯಾರಾದರೂ ತಮ್ಮ ಸಿದ್ಧ ಡಿವೈಸ್ ಕಡತ (ಯಂತ್ರದ ವಿವರಗಳನ್ನು ತಂತ್ರಾಂಶಕ್ಕೆ ತಿಳಿಸುವ ಕಡತ) ಕೊಡುವಿರಾ, ಅಥವಾ ಯಂತ್ರವನ್ನು ನಿಯಂತ್ರಿಸುವ ಬೋರ್ಡನ್ನೇ ಬದಲಿಸಲೇ? ಎರಡೂ ಆಗದಿದ್ದರೆ ಎಲ್ಲವನ್ನೂ ಕೈಯಾರೆ ಹೊಂದಿಸದೆ ಗತ್ಯಂತರವಿಲ್ಲ.

ಎರಡು ವರ್ಷಗಳ ಹಿಂದೆ ನಾನೂ ಇದನ್ನೇ ಕೇಳಿಕೊಂಡು ಅಲೆದಿದ್ದೆ. ಆಗ ಪರಿಚಯದವರೊಬ್ಬರು ತಮ್ಮ ಡಿವೈಸ್ ಕಡತವನ್ನು ಕೊಟ್ಟರು; ನಾನು ಕಷ್ಟ ಕಳೆಯಿತೆಂದು ನಂಬಿ ಅದನ್ನು ಹಾಕಿಕೊಂಡೆ. ನನಗೆ ಆದ ನಷ್ಟವೆಲ್ಲ ಆ ಕಡತದಿಂದಲೇ ಆರಂಭವಾಯಿತು.

ನಾನಿರುವುದು ಬಳ್ಳಾರಿಯಲ್ಲಿ. ಇಲ್ಲಿನ ಜೀನ್ಸ್ ಹೊಲಿಗೆಯ ಬಗ್ಗೆ ನಿಮಗೆ ಗೊತ್ತಿರಬಹುದು. ಪ್ಯಾಂಟಿನ ಹಿಂಬದಿಯ ಸೊಂಟಪಟ್ಟಿಗೆ ಹೊಲಿಯುವ ಚರ್ಮದ ಪ್ಯಾಚಿನ ಮೇಲೆ ಹೆಸರು ಕೆತ್ತಿಕೊಡುವ ಕೆಲಸ ಸಿಗಬಹುದೆಂದು ನಾನು ಹಳೆಯ ಡಯೋಡ್ ಲೇಸರ್ ಒಂದನ್ನು ಕೊಂಡೆ. ಕೌಲ್ ಬಜಾರ್ ಕಡೆಯ ಸಣ್ಣ ಘಟಕವೊಂದು 240 ಪ್ಯಾಚುಗಳ ಕೆಲಸ ಕೊಟ್ಟಿತು, ಚರ್ಮವನ್ನೂ ಅವರೇ ಕತ್ತರಿಸಿ ಕಳುಹಿಸಿದರು. ಕಡತ ಕೊಟ್ಟವರು ತಾವು ಚರ್ಮಕ್ಕೆ ಶೇ. 20 ಶಕ್ತಿ ಇಡುವುದಾಗಿ ಹೇಳಿದ್ದರು. ನಾನೂ ಅಷ್ಟೇ ಇಟ್ಟೆ. ಮೊದಲ ಪ್ಯಾಚಿನಲ್ಲಿ ಅಕ್ಷರಗಳು ಕೆತ್ತಲ್ಪಡುವ ಬದಲು ಸುಟ್ಟು ತೂತಾದವು.

ನಾನು ಚರ್ಮವನ್ನು ದೂರಿದೆ, ಮಸೂರವನ್ನು ದೂರಿದೆ, ಮೇ ತಿಂಗಳ ಬಿಸಿಲನ್ನೂ ದೂರಿದೆ. ಶಕ್ತಿ ಹೆಚ್ಚಾಗಿದೆ ಎನಿಸಿದಾಗ ವೇಗವನ್ನು ಹೆಚ್ಚಿಸಿದೆ. ಆ ವೇಗಕ್ಕೆ ಬೆಲ್ಟ್ ಜಾರಿ ಅಕ್ಷರಗಳು ಪಕ್ಕಕ್ಕೆ ಸರಿದವು. ಹೀಗೆ ಎರಡು ದಿನಗಳಲ್ಲಿ 60ಕ್ಕೂ ಹೆಚ್ಚು ಪ್ಯಾಚುಗಳು ಕೆಟ್ಟವು, ಚರ್ಮದ ಹಣವನ್ನು ನಾನೇ ಕಟ್ಟಿಕೊಟ್ಟೆ, ಮತ್ತು ಆ ಘಟಕದವರು ಮುಂದೆ ನನಗೆ ಕೆಲಸ ಕೊಡಲಿಲ್ಲ.

ನಿಜವಾದ ಕಾರಣವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಯಂತ್ರ ಸರಿಯಾಗಿ ಓಡಾಡುತ್ತಿರುವಾಗ ಈ ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ. ಲೈಟ್‌ಬರ್ನ್ ನಿಮ್ಮ ಬೋರ್ಡಿಗೆ ಶೇಕಡಾವಾರು ಲೆಕ್ಕವನ್ನು ಕಳುಹಿಸುವುದಿಲ್ಲ. ಎಸ್ ಎಂಬ ಅಕ್ಷರದ ಜೊತೆ ಒಂದು ಸಂಖ್ಯೆಯನ್ನು ಕಳುಹಿಸುತ್ತದೆ. ಡಿವೈಸ್ ಸೆಟ್ಟಿಂಗ್ಸ್‌ನಲ್ಲಿ ‘ಎಸ್-ವ್ಯಾಲ್ಯೂ ಮ್ಯಾಕ್ಸ್’ ಎಂಬ ಜಾಗದಲ್ಲಿ 1000 ಇದ್ದರೆ, ಶೇ. 20 ಎಂದರೆ ಎಸ್ 200. ಆ 200 ಎಷ್ಟು ಶಕ್ತಿ ಎಂಬುದನ್ನು ನಿರ್ಧರಿಸುವುದು ಬೋರ್ಡು, ತನ್ನ ನೆನಪಿನಲ್ಲಿರುವ $30 ಎಂಬ ಹೆಸರಿನ ಮೌಲ್ಯದ ಪ್ರಕಾರ. ಇಲ್ಲಿ $ ಎಂದರೆ ಡಾಲರ್ ಅಲ್ಲ, ಬೋರ್ಡಿನ ಹೊಂದಿಕೆಯ ಗುರುತು; ಪೂರ್ಣ ಶಕ್ತಿಗೆ ಎಸ್ ಎಷ್ಟಿರಬೇಕೆಂಬುದು $30ರಲ್ಲಿರುತ್ತದೆ. ನನ್ನ ಬೋರ್ಡಿನಲ್ಲಿ ಹಿಂದಿನ ಮಾಲೀಕರು $30ಕ್ಕೆ 255 ಇಟ್ಟಿದ್ದರು. 255ರಲ್ಲಿ 200 ಎಂದರೆ ಸುಮಾರು ಶೇ. 78. ನಾನು ಶೇ. 20 ಎಂದುಕೊಂಡಿದ್ದಾಗ ಲೇಸರ್ ಶೇ. 78ರಲ್ಲಿ ಉರಿಯುತ್ತಿತ್ತು, ಶೇ. 26ರಿಂದ ಮೇಲೆ ನಾನು ಏನೇ ಬರೆದರೂ ಅದು ಪೂರ್ಣ ಶಕ್ತಿಯೇ ಆಗಿತ್ತು.

ಗುರುತುಗಳು ಕಣ್ಣೆದುರೇ ಇದ್ದವು. ಪ್ಲೈವುಡ್ ಚೂರಿನ ಮೇಲೆ ಶೇ. 10ರಿಂದ 100ರವರೆಗೆ ಹತ್ತು ಚೌಕಗಳನ್ನು ಸುಟ್ಟು ನೋಡಿದಾಗ ಮೊದಲ ಎರಡಷ್ಟೇ ಬೇರೆಯಾಗಿದ್ದು, ಮೂರನೆಯದರಿಂದ ಹತ್ತನೆಯದರವರೆಗೆ ಒಂದೇ ಕಪ್ಪು ಬಣ್ಣವಿತ್ತು. ಗುರಿ ನೋಡಲು ಶೇ. 2ರಲ್ಲಿ ಕಿರಣ ಬೆಳಗಿಸಿದರೂ ಚರ್ಮದ ಮೇಲೆ ಚುಕ್ಕೆ ಉಳಿಯುತ್ತಿತ್ತು. ಆ ಹತ್ತು ಚೌಕಗಳನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ, ಆದರೂ ಬೋರ್ಡನ್ನು ಕೇಳಬೇಕೆಂದು ಹೊಳೆಯಲಿಲ್ಲ. ಡಿವೈಸ್ ಕಡತದಲ್ಲಿರುವುದು ಯಂತ್ರದ ಬಗ್ಗೆ ತಂತ್ರಾಂಶದ ನಂಬಿಕೆ ಮಾತ್ರ. ಬೋರ್ಡಿನಲ್ಲಿರುವ ಮೌಲ್ಯಗಳನ್ನು ಅದು ಬದಲಿಸುವುದಿಲ್ಲ. ಬೇರೆಯವರ ಯಂತ್ರದ ನಂಬಿಕೆಯನ್ನು ತಂದು ನನ್ನ ಯಂತ್ರಕ್ಕೆ ತೊಡಿಸಿದ್ದೆ.

ಆದ್ದರಿಂದ ನಾನು ನಿಮಗೆ ಕಡತ ಕೊಡುವುದಿಲ್ಲ, ಬೇರೆ ಯಾರಿಂದಲೂ ತೆಗೆದುಕೊಳ್ಳಬೇಡಿ. ಕೈಯಾರೆ ಹೊಂದಿಸುವುದನ್ನು ನೀವು ಗತ್ಯಂತರವಿಲ್ಲದ ದಾರಿ ಎಂಬಂತೆ ಬರೆದಿದ್ದೀರಿ. ಹಳೆಯ ಯಂತ್ರದ ಮಟ್ಟಿಗೆ ಅದೇ ಸರಿಯಾದ ದಾರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಬೋರ್ಡು ಬದಲಿಸುವ ಮಾತನ್ನಂತೂ ಈಗಲೇ ಬಿಡಿ.

ಮೊದಲು ಯಂತ್ರ ಏಕೆ ಸಿಗುತ್ತಿಲ್ಲ ಎಂಬುದನ್ನು ನೋಡಬೇಕು, ಏಕೆಂದರೆ ಸಂಪರ್ಕವೇ ಇಲ್ಲದಿದ್ದರೆ ಕೈಯಾರೆ ಹೊಂದಿಸಿದರೂ ಪ್ರಯೋಜನವಿಲ್ಲ. ಯುಎಸ್‌ಬಿ ಕೇಬಲ್ ಚುಚ್ಚಿದಾಗ ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ಹೊಸ ಕಾಮ್ ಪೋರ್ಟ್ (ಯಂತ್ರದೊಂದಿಗಿನ ಸಂಪರ್ಕದ ದಾರಿ) ಕಾಣಿಸಬೇಕು. ಕಾಣಿಸದಿದ್ದರೆ ಅದು ಫೋನ್ ಚಾರ್ಜ್ ಮಾಡಲಷ್ಟೇ ಬರುವ ಕೇಬಲ್ ಆಗಿರಬಹುದು, ಅಥವಾ ಬೋರ್ಡಿನ ಯುಎಸ್‌ಬಿ ಚಿಪ್ಪನ್ನು ವಿಂಡೋಸ್‌ಗೆ ಗುರುತಿಸಿಕೊಡುವ ಸಿಎಚ್340 ಡ್ರೈವರ್ ಇಲ್ಲದಿರಬಹುದು. ಕಾಣಿಸಿದರೆ, ಲೇಸರ್‌ಜಿಆರ್‌ಬಿಎಲ್‌ನಂತಹ ಬೇರೆ ತಂತ್ರಾಂಶ ತೆರೆದಿದೆಯೇ ನೋಡಿ. ಒಂದು ಪೋರ್ಟನ್ನು ಒಮ್ಮೆಗೆ ಒಂದೇ ತಂತ್ರಾಂಶ ಬಳಸಬಲ್ಲದು.

ಅನಂತರ ‘ಡಿವೈಸಸ್’ ಒತ್ತಿ ‘ಕ್ರಿಯೇಟ್ ಮ್ಯಾನ್ಯುಯಲಿ’ ಆರಿಸಿ. ಈ ಬಗೆಯ ಡಯೋಡ್ ಯಂತ್ರಗಳಲ್ಲಿ ಬೋರ್ಡಿನೊಳಗೆ ಸಾಮಾನ್ಯವಾಗಿ ಓಡುವ ನಿಯಂತ್ರಕ ತಂತ್ರಾಂಶ ಜಿಆರ್‌ಬಿಎಲ್, ಸಂಪರ್ಕ ಸೀರಿಯಲ್. ಎಕ್ಸ್ ಮತ್ತು ವೈ ಉದ್ದಗಳನ್ನು ಕೇಳಿದಾಗ ಜಾಹೀರಾತಿನಲ್ಲಿದ್ದ ಅಳತೆಯನ್ನು ಬರೆಯಬೇಡಿ. ವಿದ್ಯುತ್ ತೆಗೆದು, ಲೇಸರ್ ತಲೆಯನ್ನು ಕೈಯಿಂದ ಒಂದು ಅಂಚಿನಿಂದ ಇನ್ನೊಂದಕ್ಕೆ ಸರಿಸಿ, ಟೇಪಿನಿಂದ ಅಳೆದು ಬರೆಯಿರಿ. ಮೂಲಬಿಂದು ಈ ಯಂತ್ರಗಳಲ್ಲಿ ಬಹುಪಾಲು ಮುಂದಿನ ಎಡಮೂಲೆ. ಅದು ತಪ್ಪಿದರೆ ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ತಿರುಗಿ ಬರುತ್ತವೆ. ತಲೆ ಅಂಚು ಮುಟ್ಟಿದ್ದನ್ನು ತಿಳಿಸುವ ಮಿತಿ ಸ್ವಿಚ್‌ಗಳಿಲ್ಲದಿದ್ದರೆ, ತಲೆಯನ್ನು ತಾನಾಗಿ ಮೂಲೆಗೆ ಒಯ್ಯುವ ‘ಆಟೋ ಹೋಮ್’ ಅನ್ನು ಹಾಕಲೇಬೇಡಿ, ಏಕೆಂದರೆ ಬೋರ್ಡಿನಲ್ಲಿ $22 ಮೌಲ್ಯ 1 ಆಗಿದ್ದರೆ ತಲೆಯು ಇಲ್ಲದ ಸ್ವಿಚ್ಚನ್ನು ಹುಡುಕುತ್ತ ಚೌಕಟ್ಟಿಗೆ ಹೋಗಿ ಗುದ್ದುತ್ತದೆ.

ಸಂಪರ್ಕ ಸಿಕ್ಕ ಕೂಡಲೇ ಕನ್ಸೋಲ್ ಕಿಟಕಿಯಲ್ಲಿ $$ ಎಂದು ಬರೆದು ಎಂಟರ್ ಒತ್ತಿ. ಬೋರ್ಡು ತನ್ನೆಲ್ಲ ಮೌಲ್ಯಗಳನ್ನು ಸಾಲಾಗಿ ಹೇಳುತ್ತದೆ. ನಾನು ಮಾಡದೆ ಬಿಟ್ಟ ಕೆಲಸ ಇದೊಂದೇ. $30 ಎಷ್ಟಿದೆ ನೋಡಿ, ಅದು ಎಸ್-ವ್ಯಾಲ್ಯೂ ಮ್ಯಾಕ್ಸ್‌ಗೆ ಸಮನಾಗಿರಲೇಬೇಕು. ಯಾವುದನ್ನು ಬದಲಿಸಿದರೂ ಲೆಕ್ಕ ಸರಿಹೋಗುತ್ತದೆ, ಆದರೆ ನಾನು $30=1000 ಎಂದು ಬೋರ್ಡಿನಲ್ಲೇ ಬದಲಿಸುತ್ತೇನೆ; ಲೈಟ್‌ಬರ್ನ್ ತಾನಾಗಿ ಇಟ್ಟುಕೊಳ್ಳುವ ಮೌಲ್ಯ 1000 ಆಗಿರುವುದರಿಂದ, ಮುಂದೆಂದಾದರೂ ಗಣಕಯಂತ್ರ ಬದಲಾದರೆ ಮತ್ತೆ ಎಡವುವುದು ತಪ್ಪುತ್ತದೆ. $32 ಮೌಲ್ಯ 1 ಇರಲಿ, ಅದು ಲೇಸರ್ ವಿಧಾನ. ಅದರಲ್ಲಿ ಎಂ4 ಆದೇಶದೊಂದಿಗೆ ಓಡುವಾಗ ವೇಗ ತಗ್ಗಿದಂತೆ ಬೋರ್ಡು ಶಕ್ತಿಯನ್ನೂ ತಗ್ಗಿಸುತ್ತದೆ, ಹಾಗಾಗಿ ಅಕ್ಷರಗಳ ಮೂಲೆಗಳು ಹೆಚ್ಚು ಸುಡುವುದಿಲ್ಲ. $130 ಮತ್ತು $131 ನೀವು ಅಳೆದ ಉದ್ದಗಳಿಗೆ ಹೊಂದಬೇಕು. 100 ಮಿಲಿಮೀಟರಿನ ಚೌಕ ಎಳೆಸಿದಾಗ ಬದಿ 98 ಬಂದರೆ $100 ಮತ್ತು $101ರ ಕಡೆ ನೋಡಿ, ಏಕೆಂದರೆ ಒಂದು ಮಿಲಿಮೀಟರಿಗೆ ಮೋಟರು ಎಷ್ಟು ಹೆಜ್ಜೆ ಇಡಬೇಕೆಂಬ ಲೆಕ್ಕ ಅಲ್ಲಿದೆ.

ಏನನ್ನಾದರೂ ಬದಲಿಸುವ ಮೊದಲು ಆ ಪಟ್ಟಿಯನ್ನು ನಕಲಿಸಿ ಬೇರೆಡೆ ಉಳಿಸಿಕೊಳ್ಳಿ. ಮೊದಲ ಪರೀಕ್ಷೆಗೆ ಪ್ಲೈವುಡ್ ಅಥವಾ ರಟ್ಟಿನ ಚೂರು ಸಾಕು. ರೆಗ್ಜಿನ್ ಬೇಡ, ಏಕೆಂದರೆ ಪಿವಿಸಿ ಇರುವ ರೆಗ್ಜಿನ್ ಸುಟ್ಟರೆ ಬರುವ ಹೈಡ್ರೋಜನ್ ಕ್ಲೋರೈಡ್ ಅನಿಲ ಶ್ವಾಸಕೋಶವನ್ನೂ ಯಂತ್ರದ ಕಬ್ಬಿಣವನ್ನೂ ತಿನ್ನುತ್ತದೆ. ನೀಲಿ ಕಿರಣದ ತರಂಗಾಂತರಕ್ಕೆ ತಕ್ಕ ಕನ್ನಡಕವಿಲ್ಲದೆ ಕಿರಣ ಹಚ್ಚಬೇಡಿ.

ಶೇ. 10ರಿಂದ 100ರವರೆಗಿನ ಹತ್ತು ಚೌಕಗಳನ್ನು ಒಂದೇ ವೇಗದಲ್ಲಿ ಸುಟ್ಟು, ಚಿತ್ರವನ್ನೂ $$ ಪಟ್ಟಿಯನ್ನೂ ಪ್ರಶ್ನೆಯ ಕೆಳಗೆ ಹಾಕಿ. ಮೂರನೆಯ ಚೌಕದ ನಂತರ ಬಣ್ಣ ಗಾಢವಾಗುವುದು ನಿಂತಿದ್ದರೆ ನಿಮ್ಮದೂ ನನ್ನ ಕಥೆಯೇ. ಹಾಗೇನಾದರೂ ಇದ್ದರೆ ಗಿರಾಕಿಯ ವಸ್ತುವನ್ನು ಯಂತ್ರದ ಮೇಲೆ ಇಡುವ ಮೊದಲು ನನಗೆ ತಿಳಿಸಿ.