ಹಾವಸೆಯ ಪೊಟ್ಟಣ

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರ ಪತ್ರ: "ಹೋದ ತಿಂಗಳು ಮಂಗಳ ಗ್ರಹದ ಬಗ್ಗೆ ಬರೆಯುತ್ತಾ, ಅಲ್ಲಿ ಉಸಿರಾಡುವ ಗಾಳಿಯಿಲ್ಲ ಎಂದಷ್ಟೇ ಹೇಳಿ ಕೈತೊಳೆದುಕೊಂಡಿರಿ. ನಮ್ಮ ಅಂಗಳದ ಹಾವಸೆಗೆ ಮಣ್ಣೂ ಬೇಡ, ಗೊಬ್ಬರವೂ ಬೇಡ. ಬೇಸಿಗೆಯಿಡೀ ಸತ್ತಂತಿದ್ದು ಮೊದಲ ಮಳೆಗೆ ಏಳುತ್ತದೆ. ಅದನ್ನೇ ಒಯ್ದು ಅಲ್ಲಿ ಎರಚಿದರೆ ಆಮ್ಲಜನಕ ಆಗದೇ? ಸ್ಯಾಂಪಲ್ ಇಟ್ಟಿದ್ದೇನೆ, ನೋಡಿ."

ಸ್ಯಾಂಪಲ್ ತಲುಪಿತು ಸ್ವಾಮಿ. ಕರಕಲು ಹಪ್ಪಳದ ಚೂರಿನಂತಿತ್ತು. ಕಚೇರಿಯ ಹುಡುಗ ಇನ್ನೇನು ಕಸದ ಬುಟ್ಟಿಗೆ ಹಾಕುವುದರಲ್ಲಿದ್ದ. ತೆಂಗಿನ ಚಿಪ್ಪಿಗೆ ಹಾಕಿ ನೀರು ಚಿಮುಕಿಸಿಟ್ಟೆ. ಸಂಜೆ ಬಾಗಿಲು ಹಾಕುವ ಹೊತ್ತಿಗೆ ಮೆತ್ತಗಾಗಿ, ಅಂಚಿನಲ್ಲಿ ಹಸಿರು ಇಣುಕಿತ್ತು.

ನಿಮ್ಮ ಯೋಚನೆಯನ್ನು ನಕ್ಕು ತಳ್ಳಿಹಾಕುವಂತಿಲ್ಲ. ಭೂಮಿಯ ಗಾಳಿಗೆ ಆಮ್ಲಜನಕ ತುಂಬಿದ್ದು ಇದೇ ಕುಲದ ನೀಲಿ-ಹಸಿರು ಪಾಚಿ. ಸುಮಾರು 240 ಕೋಟಿ ವರ್ಷಗಳ ಹಿಂದೆ ಆ ಗಾಳಿ ಬದಲಾಗತೊಡಗಿತು. ಈಗಿನ ಮಟ್ಟಕ್ಕೆ ಬರಲು ಮತ್ತೆ ನೂರಾರು ಕೋಟಿ ವರ್ಷ ಹಿಡಿಯಿತು. 2005ರಲ್ಲಿ ಕಲ್ಲುಹೂವನ್ನು, ಹೌದು, ನಾವು ಮಸಾಲೆಗೆ ಹುರಿಯುವ ಕಲ್ಲುಹೂವಿನ ನೆಂಟನನ್ನು, ಬಾಹ್ಯಾಕಾಶಕ್ಕೆ ಒಯ್ದು ಎರಡು ವಾರ ಬಯಲಿಗೊಡ್ಡಿ ತಂದರು. ಜೀವ ಹೋಗಿರಲಿಲ್ಲ. ಆದರೆ ಜೀವ ಹಿಡಿದುಕೊಂಡಿರುವುದು ಬೇರೆ, ಹಬ್ಬಿ ಬೆಳೆಯುವುದು ಬೇರೆ.

ಹಾವಸೆಗೆ ಮಣ್ಣು ಬೇಡ ಅಂದಿರಿ, ಮಳೆ ಬೇಡವೇ? ಆಗುಂಬೆ ಪಕ್ಕದಲ್ಲಿರುವವರಿಗೆ ಅದು ಲೆಕ್ಕಕ್ಕೇ ಬರುವುದಿಲ್ಲ. ಮಂಗಳದ ಗಾಳಿಯ ಒತ್ತಡ ನಮ್ಮದರ ನೂರರಲ್ಲಿ ಒಂದು ಪಾಲೂ ಇಲ್ಲ. ಅಲ್ಲಿ ಬಯಲಿನಲ್ಲಿ ಬಟ್ಟಲು ನೀರಿಟ್ಟರೆ ಅದು ಕುದಿಯುತ್ತಾ ಕುದಿಯುತ್ತಲೇ ಹೆಪ್ಪುಗಟ್ಟೀತು. ಧ್ರುವಗಳಲ್ಲಿ ಮಂಜುಗಡ್ಡೆಯಾಗಿ ಕೂತ ಇಂಗಾಲದ ಡೈ ಆಕ್ಸೈಡನ್ನು ಕರಗಿಸಿ ಗಾಳಿ ದಪ್ಪ ಮಾಡೋಣ ಎನ್ನುವವರಿದ್ದಾರೆ. 2018ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದರು: ಅಷ್ಟೂ ಕರಗಿದರೂ ಗಾಳಿ ಈಗಿನದರ ದುಪ್ಪಟ್ಟು, ಅಂದರೆ ನಮ್ಮದರ ನೂರರಲ್ಲಿ ಒಂದು ಪಾಲಿನ ಆಸುಪಾಸು. ಕಾಂತಕ್ಷೇತ್ರದ ರಕ್ಷಣೆಯಿಲ್ಲದ್ದರಿಂದ ಸೂರ್ಯನ ಕಣಗಳು ಆ ಗಾಳಿಯನ್ನೂ ಕೀಳುತ್ತವೆ ಎಂಬುದು ನಿಜ. ಆದರೆ ಆ ಸೋರಿಕೆ ಬಹಳ ನಿಧಾನ. ನನ್ನ ಪ್ರಕಾರ ಕೊಡದ ತೂತಿಗಿಂತ ದೊಡ್ಡ ಚಿಂತೆ, ತುಂಬಿಸಲು ಬಾವಿಯಲ್ಲೇ ನೀರಿಲ್ಲದ್ದು.

ಮಣ್ಣಿನಲ್ಲಿ ವಿಷವೂ ಇದೆ. 2008ರಲ್ಲಿ ಫೀನಿಕ್ಸ್ ನೌಕೆ ಅಲ್ಲಿ ಪರ್ಕ್ಲೋರೇಟ್ ಎಂಬ ಲವಣ ಕಂಡಿತು, ನೂರಕ್ಕೆ ಅರ್ಧ ಪಾಲಿನಷ್ಟು. ಥೈರಾಯ್ಡ್‌ಗೆ ಅದು ಕೆಟ್ಟದ್ದು.

ಹಾಗಾದರೆ ಗ್ರಹದ ಗೊಡವೆ ಬಿಟ್ಟು ಗಾಜಿನ ಮನೆ ಕಟ್ಟಿಕೊಂಡರೆ? ಇದನ್ನು ಭೂಮಿಯ ಮೇಲೆಯೇ ಮಾಡಿ ನೋಡಿದ್ದಾರೆ. ಅಮೆರಿಕದ ಅರಿಜೋನಾದಲ್ಲಿ ಸುಮಾರು ಮೂರು ಎಕರೆಯ 'ಬಯೋಸ್ಫಿಯರ್ 2' ಎಂಬ ಗಾಜಿನ ಮನೆಯೊಳಗೆ 1991ರ ಸೆಪ್ಟೆಂಬರ್‌ನಲ್ಲಿ ಎಂಟು ಜನ ಬಾಗಿಲು ಹಾಕಿಕೊಂಡರು. ಗದ್ದೆ, ಕಾಡು, ಸಣ್ಣ ಕಡಲು ಎಲ್ಲ ಒಳಗೇ. ಬೆಳೆ ಚೆನ್ನಾಗಿ ಬರಲೆಂದು ಗೊಬ್ಬರ ತುಂಬಿದ ಮಣ್ಣು ಹಾಕಿದ್ದರು. ಎಡವಿದ್ದು ಅಲ್ಲೇ. ಗಿಡಗಳು ಕೊಟ್ಟಿದ್ದಕ್ಕಿಂತ ಹೆಚ್ಚು ಆಮ್ಲಜನಕವನ್ನು ಆ ಮಣ್ಣಿನ ಸೂಕ್ಷ್ಮಜೀವಿಗಳು ಉಸಿರಾಡಿ ಮುಗಿಸಿದವು. ನಿಮ್ಮ ಗೊಬ್ಬರಗುಂಡಿಗೆ ಕೈ ಹಾಕಿ ನೋಡಿ, ಬಿಸಿ ಹತ್ತುತ್ತದಲ್ಲ, ಅದೇ ಕೆಲಸ. ಅವು ಬಿಟ್ಟ ಇಂಗಾಲದ ಡೈ ಆಕ್ಸೈಡನ್ನು ಗೋಡೆಯ ಕಾಂಕ್ರೀಟ್ ಹೀರಿಕೊಂಡದ್ದರಿಂದ ಲೆಕ್ಕ ಎಲ್ಲಿ ತಪ್ಪಿತೆಂದು ಬೇಗ ತಿಳಿಯಲೂ ಇಲ್ಲ. ನೂರಕ್ಕೆ 21ರಷ್ಟಿದ್ದ ಆಮ್ಲಜನಕ ಹದಿನಾಲ್ಕರ ಹತ್ತಿರಕ್ಕೆ ಇಳಿದು, ಒಳಗಿದ್ದವರು ಏದುಸಿರು ಬಿಡುತ್ತಿದ್ದರು. 1993ರ ಜನವರಿಯಲ್ಲಿ ಹೊರಗಿನಿಂದ ಆಮ್ಲಜನಕ ತುಂಬಿಸಬೇಕಾಯಿತು. ಪರಾಗ ಒಯ್ಯುವ ಹುಳುಗಳು ಸತ್ತವು. ಇರುವೆ, ಜಿರಲೆಗಳು ಮಾತ್ರ ಸುಖವಾಗಿದ್ದವು.

ರಾಕೆಟ್ ಬಗ್ಗೆ ಗಂಟೆಗಟ್ಟಲೆ ಮಾತಾಡುವವರು ಗೊಬ್ಬರದ ಮಾತು ಬಂದರೆ ಸುಮ್ಮನಾಗುತ್ತಾರೆ. ನಿಮ್ಮ ಒಂದು ಎಕರೆ ತೋಟದ ಬೆನ್ನಿಗೆ, ಗೊಬ್ಬರಕ್ಕೆ ಸೊಪ್ಪು ತರುವ ಸೊಪ್ಪಿನಬೆಟ್ಟ ಎಷ್ಟು ಎಕರೆ ಇದೆ, ನೀವೇ ಹೇಳಿ. ಮಂಗಳಕ್ಕೆ ತೋಟ ಒಯ್ಯುವುದೆಂದರೆ ಆ ಬೆಟ್ಟ, ಕೊಟ್ಟಿಗೆ, ಎರೆಹುಳು ಎಲ್ಲವನ್ನೂ ಹೊರಬೇಕು; ಎಷ್ಟೆಷ್ಟು ಪ್ರಮಾಣದಲ್ಲಿ ಎಂಬುದೂ ಗೊತ್ತಿರಬೇಕು.

ಯಂತ್ರದಿಂದ ಆಮ್ಲಜನಕ ಮಾಡಬಹುದು, ಮಾಡಿದ್ದಾರೆ. ಮಂಗಳದ ನೆಲದಲ್ಲಿ ಓಡಾಡುವ ನಾಸಾದ ಪರ್ಸಿವಿಯರೆನ್ಸ್ ರೋವರ್ ಮೇಲಿದ್ದ 'ಮಾಕ್ಸಿ' ಯಂತ್ರ 2021ರಿಂದ 2023ರವರೆಗೆ 16 ಸಲ ನಡೆದು, ಒಟ್ಟು 122 ಗ್ರಾಂ ಕೊಟ್ಟಿತು. ಒಬ್ಬ ಆಳಿಗೆ ಮೂರ್ನಾಲ್ಕು ಗಂಟೆಗೆ ಸಾಕು. ನನಗೆ ಅದು ಸಣ್ಣ ಸಾಧನೆ ಅನ್ನಿಸುವುದಿಲ್ಲ.

ನಿಮ್ಮ ಹಾವಸೆ ಈಗ ಕಿಟಕಿಯ ಮೇಲೆ ಚಿಪ್ಪು ತುಂಬ ಹಬ್ಬಿದೆ. ಕರೆಯದೆ ಬಂದ ಸೊಳ್ಳೆಮರಿಗಳೂ ಅದರಲ್ಲಿ ಆಡುತ್ತಿವೆ. ನಾಳೆ ನೀರು ಬದಲಾಯಿಸಬೇಕು.

— ಸಂ.