ಮಾಲ್ಡೀವ್ಸ್ ಪ್ರವಾಸಕ್ಕೆ ದಿನಕ್ಕೆ ಎಷ್ಟು ಹಣ ಇಟ್ಟುಕೊಳ್ಳಬೇಕು?

ರೆಸಾರ್ಟಿನ ಕೋಣೆ ಬಾಡಿಗೆಗೆ ದಿನದ ಊಟತಿಂಡಿಯ ಖರ್ಚನ್ನು ಕೂಡಿಸಿ, ಗಂಡಹೆಂಡಿರಿಬ್ಬರಿಗೆ ಇಷ್ಟು ಸಾಕೇ ಎಂದು ಕೇಳಿದ್ದೀರಿ. ಮದುವೆಯಾದ ಹೊಸತರಲ್ಲಿ ನಾನೂ ನನ್ನ ಹೆಂಡತಿಯೂ ಹಾಕಿದ್ದು ಇದೇ ಲೆಕ್ಕ.

ನಾವು ಆರಿಸಿಕೊಂಡ ರೆಸಾರ್ಟ್ ರಾಜಧಾನಿ ಮಾಲೆಯಿಂದ ಬಹುದೂರದ ದ್ವೀಪದಲ್ಲಿತ್ತು. ಅಲ್ಲಿಗೆ ಸೀಪ್ಲೇನ್‌ನಲ್ಲೇ ಹೋಗಬೇಕಿತ್ತು. ಮೊದಲು ಕೋಣೆ ಕಾಯ್ದಿರಿಸಿದೆವು, ಆಮೇಲೆ ವಿಮಾನದ ಟಿಕೆಟ್ ಹುಡುಕಿದೆವು, ಸಂಜೆ ತಲುಪುವ ವಿಮಾನ ಅಗ್ಗವೆಂದು ಅದನ್ನೇ ಕೊಂಡೆವು. ನಮ್ಮ ಹಣ ಹೋದದ್ದು ಇಲ್ಲಿ. ಸೀಪ್ಲೇನ್ ಇಳಿಯುವುದು ನೀರಿನ ಮೇಲೆ, ಪೈಲಟ್ ಅಲೆಯನ್ನೂ ಹವಳದ ದಿಬ್ಬವನ್ನೂ ಕಣ್ಣಿನಿಂದಲೇ ನೋಡಿ ಇಳಿಸಬೇಕು, ಆದ್ದರಿಂದ ಅದು ಹಗಲಿನಲ್ಲಿ ಮಾತ್ರ ಹಾರುತ್ತದೆ. ಭೂಮಧ್ಯರೇಖೆಗೆ ಅಂಟಿಕೊಂಡ ಆ ದೇಶದಲ್ಲಿ ವರ್ಷವಿಡೀ ಆರು ಗಂಟೆಯ ಆಸುಪಾಸಿನಲ್ಲಿ ಸೂರ್ಯ ಮುಳುಗುವುದರಿಂದ, ಮಧ್ಯಾಹ್ನ ಮೂರೂವರೆಯ ನಂತರ ಬಂದಿಳಿದವರಿಗೆ ಅಂದಿನ ಸೀಪ್ಲೇನ್ ಸಿಗುವುದು ಅನುಮಾನ. ನಾವು ಇಳಿಯುವ ಹೊತ್ತಿಗೆ ಎಲ್ಲವೂ ಹೊರಟುಹೋಗಿದ್ದವು. ಆ ರಾತ್ರಿ ವಿಮಾನ ನಿಲ್ದಾಣದ ಸಮೀಪದ ಹುಲ್ಹುಮಾಲೆಯ ಹೋಟೆಲೊಂದಕ್ಕೆ ಬಾಡಿಗೆ ತೆತ್ತೆವು. ನಾವು ಮಲಗದ ರೆಸಾರ್ಟ್ ಕೋಣೆಗೆ ಮುಂಗಡವಾಗಿ ಕೊಟ್ಟಿದ್ದ ಹಣ, ಅದು ಮರಳಿಸದ ದರವಾದ್ದರಿಂದ, ಹಿಂದಿರುಗಲಿಲ್ಲ. ಮರುದಿನ ಸರದಿ ಕಾದು ದ್ವೀಪ ಮುಟ್ಟುವಾಗ ಅರ್ಧ ದಿನವೂ ಕಳೆದಿತ್ತು. ಟಿಕೆಟ್ಟಿನಲ್ಲಿ ಉಳಿದದ್ದು ಈ ನಷ್ಟದ ಸಣ್ಣ ಪಾಲೂ ಅಲ್ಲ. ಟಿಕೆಟ್ ಕೊಳ್ಳುವ ಮೊದಲು, ಈ ಹೊತ್ತಿಗೆ ಬಂದರೆ ನಮ್ಮನ್ನು ಹೇಗೆ ಕರೆದೊಯ್ಯುತ್ತೀರಿ ಎಂದು ರೆಸಾರ್ಟಿಗೆ ಒಂದು ಮೇಲ್ ಬರೆದಿದ್ದರೆ ಇದಾವುದೂ ಆಗುತ್ತಿರಲಿಲ್ಲ. ಮೊದಲು ದ್ವೀಪಕ್ಕೆ ಹೋಗುವ ದಾರಿ, ಅದಕ್ಕೆ ಹೊಂದುವ ಟಿಕೆಟ್, ಕೊನೆಗೆ ಕೋಣೆ. ಈ ಕ್ರಮವನ್ನು ನಾವು ತಲೆಕೆಳಗು ಮಾಡಿದ್ದೆವು.

ಇನ್ನು ತೆರಿಗೆ. ದರದ ಮುಂದೆ ಎರಡು ಪ್ಲಸ್ ಗುರುತುಗಳಿದ್ದರೆ ಅದು ಪೂರ್ತಿ ದರವಲ್ಲ. 300 ಡಾಲರಿನ ಕೋಣೆಗೆ ಶೇ. 10 ಸೇವಾ ಶುಲ್ಕ ಸೇರಿ 330 ಆಗುತ್ತದೆ, ಅದರ ಮೇಲೆ 2025ರ ಜುಲೈನಿಂದ ಶೇ. 17ಕ್ಕೆ ಏರಿರುವ ಪ್ರವಾಸೋದ್ಯಮ ಜಿಎಸ್‌ಟಿ ಬಿದ್ದು 386 ದಾಟುತ್ತದೆ. ರೆಸಾರ್ಟಿನಲ್ಲಿ ತಲೆಗೆ ದಿನಕ್ಕೆ 12 ಡಾಲರ್ ಹಸಿರು ತೆರಿಗೆ ಬೇರೆ. ಇಬ್ಬರಿಗೆ ಕೂಡಿ ರಾತ್ರಿಯೊಂದಕ್ಕೆ 410 ಡಾಲರ್. ಸೀಪ್ಲೇನ್‌ನಲ್ಲಿ ಹೋಗಿಬರುವುದಕ್ಕೆ ಒಬ್ಬರಿಗೆ 400ರಿಂದ 600 ಡಾಲರ್ ಆಗುವುದು ಸಾಮಾನ್ಯ, ನೀವು ಎರಡು ರಾತ್ರಿ ಇರಿ, ಹತ್ತು ರಾತ್ರಿ ಇರಿ.

ಹಾಗಾಗಿ ದಿನಕ್ಕೆ ಎಷ್ಟು ಎನ್ನುವ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಒಂದು ದ್ವೀಪಕ್ಕೆ ಒಂದೇ ರೆಸಾರ್ಟ್ ಇರುವ ಆ ವ್ಯವಸ್ಥೆಯಲ್ಲಿ ಅಗ್ಗದ ಅಂಗಡಿಗೋ ಬೇರೆ ಹೋಟೆಲಿಗೋ ಹೋಗಿ ಉಳಿಸುವ ದಾರಿಯಿಲ್ಲ. ನೀವು ಮನೆ ಬಿಡುವ ಮೊದಲೇ ಖರ್ಚಿನ ಬಹುಪಾಲು ನಿರ್ಧಾರವಾಗಿರುತ್ತದೆ. ಕೈ ಬಿಗಿಹಿಡಿದು ಖರ್ಚು ಮಾಡಬೇಕಾದವರು ಜನವಸತಿಯ ದ್ವೀಪದ ಗೆಸ್ಟ್‌ಹೌಸ್‌ನಲ್ಲಿ ಉಳಿಯಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅಂಥದ್ದೊಂದು ದ್ವೀಪವಾದ ಮಾಫುಷಿಗೆ ಮಾಲೆಯಿಂದ ಸಾರ್ವಜನಿಕ ದೋಣಿ ಕೆಲವೇ ಡಾಲರಿಗೆ ಒಯ್ಯುತ್ತದೆ, ಶುಕ್ರವಾರ ಮಾತ್ರ ಇರುವುದಿಲ್ಲ. ತಿಮಿಂಗಿಲ ಶಾರ್ಕ್ ನೋಡುವ ಆಸೆಯಿದ್ದರೆ ಅವು ವರ್ಷವಿಡೀ ಸುಳಿಯುವ ದಕ್ಷಿಣ ಆರಿ ಅಟಾಲ್ ಎಂಬ ಹವಳದ್ವೀಪಗಳ ಗುಂಪಿನ ಧಿಗುರಾ ದ್ವೀಪವನ್ನು ಆರಿಸಿಕೊಳ್ಳಿ. ಐವತ್ತು ಕೋಣೆ ಮೀರದ ಗೆಸ್ಟ್‌ಹೌಸ್‌ನಲ್ಲಿ ಹಸಿರು ತೆರಿಗೆಯೂ ಅರ್ಧ. ಇಂಥ ದ್ವೀಪಗಳಲ್ಲಿ ಮದ್ಯ ಸಿಗುವುದಿಲ್ಲ, ಬಿಕಿನಿಗೆ ಪ್ರತ್ಯೇಕ ಕಡಲತೀರವಿರುತ್ತದೆ. ಈ ನಿಯಮಗಳನ್ನು ಗೌರವಿಸಲು ಮನಸ್ಸಿದ್ದರೆ ಹೋಗಿ. ನೀರಿನ ಬಣ್ಣ ಎರಡೂ ಕಡೆ ಒಂದೇ.

ರೆಸಾರ್ಟೇ ಬೇಕೆಂದರೆ ಮಾಫುಷಿಯಿಂದ ಒಂದು ದಿನದ ಪಾಸ್ ಕೊಂಡು ಹತ್ತಿರದ ರೆಸಾರ್ಟಿಗೆ ಹೋಗಿಬನ್ನಿ. ರಾತ್ರಿಯೂ ಅಲ್ಲೇ ತಂಗಬೇಕೆಂದಿದ್ದರೆ, ಕತ್ತಲಾದ ಮೇಲೂ ಸ್ಪೀಡ್‌ಬೋಟ್‌ನಲ್ಲಿ ಕರೆದೊಯ್ಯುವ ಮಾಲೆ ಅಟಾಲ್‌ನ ರೆಸಾರ್ಟ್ ಹುಡುಕಿ, ಇಬ್ಬರಿಗೆ ತೆರಿಗೆ, ಊಟ, ದೋಣಿ ಎಲ್ಲ ಸೇರಿದ ಮೊತ್ತವನ್ನು ಬರಹದಲ್ಲಿ ತರಿಸಿಕೊಂಡ ಮೇಲಷ್ಟೇ ಮುಂಗಡ ಕಳಿಸಿ.